ಮದುವೆಯ ಚಿತ್ರ ಯಾರ ಮನೆಗೆ?

ಅಧ್ಯಕ್ಷರೇ, ಈ ದತ್ತಿಯನ್ನಿಟ್ಟ ಕುಟುಂಬದ ಹಿರಿಯರೇ, ಮುಂದಿನ ಸಾಲಿನಲ್ಲಿ ಡ್ರಾಯಿಂಗ್ ಪುಸ್ತಕ ಹಿಡಿದು ಕೂತಿರುವ ಮಕ್ಕಳೇ,

ಒಂದು ಮದುವೆಯಿಂದ ಶುರು ಮಾಡುತ್ತೇನೆ. ವರ ಬೇಕೆಂದಾಗ ಚೆಂಡಿನ ಹಾಗೆ ಉಬ್ಬಿ ಪುಟಿಯಬಲ್ಲವನು; ಹೆಸರೇ ಬೌನ್ಸಿಂಗ್ ಬಾಯ್. ವಧು ಒಬ್ಬಳೇ ಇಬ್ಬರಾಗಿ ನಿಲ್ಲಬಲ್ಲ ಡ್ಯುಯೋ ಡ್ಯಾಮ್ಸೆಲ್. ಮದುವೆ ನಡೆಯುವುದು ಮೂವತ್ತನೆಯ ಶತಮಾನದಲ್ಲಿ. ನೆಂಟರೆಲ್ಲ ಬೇರೆ ಬೇರೆ ಗ್ರಹಗಳಿಂದ ಬಂದ ಹುಡುಗ ಹುಡುಗಿಯರು. ಒಬ್ಬೊಬ್ಬರಿಗೂ ಒಂದೊಂದು ಶಕ್ತಿ, ಒಬ್ಬೊಬ್ಬರಿಗೂ ಒಂದೊಂದು ವೇಷ. ಅಮೆರಿಕದ ಡಿಸಿ ಕಂಪನಿಯ ‘ಸೂಪರ್‌ಬಾಯ್’ ಪತ್ರಿಕೆಯ 200ನೇ ಸಂಚಿಕೆ ಇದು. 1974ರ ತಾರೀಕು ಹೊತ್ತು ಬಂದದ್ದು. ಚಿತ್ರ ಬರೆದವರು ಡೇವ್ ಕಾಕ್ರಮ್, ಆಗ ಮೂವತ್ತರ ಆಸುಪಾಸು. ಆ ಮದುವೆಯ ದೃಶ್ಯದ ಮೂಲಚಿತ್ರ ತಮಗೆ ಬೇಕು ಎಂದು ಅವರು ಕೇಳಿದರು. ಕಂಪನಿ ಕೊಡಲಿಲ್ಲ. ಅವರು ಆ ಕೆಲಸವನ್ನೇ ಬಿಟ್ಟು ಹೊರಟರು.

ಇದನ್ನು ಮೊದಲ ಸಲ ಓದಿದಾಗ ನನಗೆ ಅರ್ಥವಾಗಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಹಂಬಲಿಸಿದ್ದ ಕೆಲಸ, ಕೈಗೆ ಸಿಕ್ಕಿ ಎರಡು ವರ್ಷವೂ ಆಗಿರಲಿಲ್ಲ. ಒಂದು ಹಾಳೆಗಾಗಿ ಅದನ್ನು ಬಿಡುವುದೆ? ಇವತ್ತಿನ ಮಾತೆಲ್ಲ ಆ ಹಾಳೆಯ ಸುತ್ತಲೇ.

ಕಾಕ್ರಮ್ ಹುಟ್ಟಿದ್ದು 1943ರ ನವೆಂಬರ್ 11ರಂದು, ಆರೆಗಾನ್ ರಾಜ್ಯದ ಪೆಂಡಲ್‌ಟನ್ ಊರಿನಲ್ಲಿ. ತಂದೆ ವಾಯುಪಡೆಯ ಅಧಿಕಾರಿ. ವರ್ಗಾವಣೆಯ ಮನೆಗಳಲ್ಲಿ ಬೆಳೆದ ಮಕ್ಕಳು ಇಲ್ಲಿಯೂ ಇದ್ದೀರಿ. ಶಾಲೆ ಬದಲಾಗುತ್ತದೆ, ಗೆಳೆಯರು ಬದಲಾಗುತ್ತಾರೆ, ಜೊತೆಗೆ ಬರುವುದು ಟ್ರಂಕಿನಲ್ಲಿ ಹಿಡಿಸುವಷ್ಟು ಮಾತ್ರ. ಈ ಹುಡುಗನ ಜೊತೆಗಿದ್ದದ್ದು ಕಾಮಿಕ್ಸ್. ‘ಕ್ಯಾಪ್ಟನ್ ಮಾರ್ವೆಲ್ ಜೂನಿಯರ್’ನ ಮ್ಯಾಕ್ ರೇಬಾಯ್ ಅವರ ಗೆರೆ, ವಿಮಾನ ಹಾರಿಸುವ ‘ಬ್ಲ್ಯಾಕ್‌ಹಾಕ್’ ತಂಡ. ದೊಡ್ಡವನಾದ ಮೇಲೆ ಚಿತ್ರಕಾರನಾಗಲಿಲ್ಲ, ನೌಕಾಪಡೆಗೆ ಸೇರಿದ. ಅಲ್ಲಿದ್ದುಕೊಂಡೇ ಪತ್ರಿಕೆಗಳಿಗೆ ಕಾಗದ ಬರೆದ, ಚಿತ್ರ ಬರೆದ.

ಆ ಕಾಗದಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1960ರ ದಶಕದ ಹೊಸ್ತಿಲಲ್ಲಿ ಅಮೆರಿಕದ ಕಾಮಿಕ್ಸ್ ಸಂಪಾದಕರು ಓದುಗರ ಪತ್ರದ ಕೆಳಗೆ ಹೆಸರಿನೊಂದಿಗೆ ಪೂರ್ತಿ ವಿಳಾಸವನ್ನೂ ಅಚ್ಚು ಹಾಕತೊಡಗಿದರು. ಇಷ್ಟು ಸಣ್ಣ ಕೆಲಸದಿಂದ ಒಂದು ಬಳಗವೇ ಹುಟ್ಟಿತು. ನಮ್ಮೂರಲ್ಲಿ ಕಾಮಿಕ್ಸ್ ಓದುವ ದೊಡ್ಡವನು ನಾನೊಬ್ಬನೇ ಎಂದು ಮುಚ್ಚಿಟ್ಟುಕೊಂಡಿದ್ದವರು, ಸಾವಿರ ಮೈಲಿ ಆಚೆ ಇನ್ನೊಬ್ಬನಿದ್ದಾನೆ ಎಂದು ಕಂಡುಕೊಂಡರು. ಡೆಟ್ರಾಯಿಟ್‌ನಲ್ಲಿ ವಿಜ್ಞಾನ ಕಲಿಸುತ್ತಿದ್ದ ಪ್ರಾಧ್ಯಾಪಕ ಜೆರ್ರಿ ಬೇಲ್ಸ್, ಮಿಸ್ಸೂರಿಯ ತರುಣ ರಾಯ್ ಥಾಮಸ್ ಜೊತೆ ಸೇರಿ 1961ರಲ್ಲಿ ‘ಆಲ್ಟರ್ ಈಗೊ’ ಎಂಬ ಅಭಿಮಾನಿ ಪತ್ರಿಕೆ ತಂದರು. ಅಂಥವುಗಳಿಗೆ ಫ್ಯಾನ್‌ಜೀನ್ ಎಂಬ ಹೆಸರಿತ್ತು. ಟೆಕ್ಸಸ್‌ನ ಮೂವರು ಗೆಳೆಯರು 1963ರಲ್ಲಿ ‘ಸ್ಟಾರ್ ಸ್ಟಡೆಡ್ ಕಾಮಿಕ್ಸ್’ ಆರಂಭಿಸಿದರು. ಕಾಕ್ರಮ್ ಅವರ ಚಿತ್ರಗಳು ಅದರಲ್ಲಿ ಬಂದವು. ಮುಂದೆ ‘ಗೇಮ್ ಆಫ್ ಥ್ರೋನ್ಸ್’ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಎಳೆಯ ಕಥೆಗಳೂ ಅದರಲ್ಲೇ ಬಂದವು.

ಈ ಪತ್ರಿಕೆಗಳಲ್ಲಿ ಹಲವು ಅಚ್ಚಾಗುತ್ತಿದ್ದದ್ದು ನಮ್ಮ ಸೈಕ್ಲೋಸ್ಟೈಲಿನ ದಾಯಾದಿಯಂಥ ಒಂದು ಯಂತ್ರದಲ್ಲಿ. ಮಾಸ್ಟರ್ ಹಾಳೆಯ ಮೇಲೆ ಒತ್ತಿ ಬರೆದರೆ ಅದರ ಬೆನ್ನಿಗೆ ನೇರಳೆ ಬಣ್ಣ ಅಂಟುತ್ತಿತ್ತು. ಸ್ಪಿರಿಟ್ ಸವರಿದ ಕಾಗದಕ್ಕೆ ಅದು ಇಳಿಯುತ್ತಿತ್ತು. ಇನ್ನೂರು ಮುನ್ನೂರು ಪ್ರತಿ ತೆಗೆಯುವಷ್ಟರಲ್ಲಿ ಬಣ್ಣ ಮಾಸುತ್ತಿತ್ತು. ಗೆರೆ ತಪ್ಪಿದರೆ ರಬ್ಬರಿನಿಂದ ಅಳಿಸುವಂತಿಲ್ಲ, ಬ್ಲೇಡಿನಿಂದ ಕೆರೆಯಬೇಕು. ನಮ್ಮ ಕಾಲೇಜುಗಳ ಕೈಬರಹದ ಪತ್ರಿಕೆಗಳನ್ನು ಕಂಡವರಿಗೆ ಈ ಹುರುಪು ಹೊಸದೇನಲ್ಲ. ಸಂಬಳವಿಲ್ಲ, ಸಂಭಾವನೆಯಿಲ್ಲ, ಸಂಚಿಕೆ ಬಂದ ದಿನ ಕೈಯ ಬೆರಳೆಲ್ಲ ನೇರಳೆ.

ಇಂಥ ಕಲಾವಿದರ ಮಾತು ಬಂದಾಗ ಏಕಲವ್ಯನ ಹೋಲಿಕೆ ನಾಲಿಗೆಯ ತುದಿಗೆ ಬರುತ್ತದೆ. ದೂರದ ಗುರು, ಮಣ್ಣಿನ ಮೂರ್ತಿ, ತಾನೇ ಕಲಿತ ವಿದ್ಯೆ, ಕೊನೆಗೆ ಹೆಬ್ಬೆರಳು. ನಾನದನ್ನು ಪೂರ್ತಿ ಒಪ್ಪುವುದಿಲ್ಲ. ಏಕಲವ್ಯ ಒಂಟಿ. ಈ ಹುಡುಗರಿಗೆ ಬಳಗವಿತ್ತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಂಚೆಯಲ್ಲಿ ಟೀಕಿಸುತ್ತಿದ್ದ, ಮತ್ತೊಬ್ಬ ಶಾಯಿ ಹಾಕಿ ಕಳಿಸುತ್ತಿದ್ದ.

ಅಭಿಮಾನಿ ಚಿತ್ರ ಎಂದರೆ ನಕಲು ಎಂದು ಮೂಗು ಮುರಿಯುವ ಕಲಾವಿಮರ್ಶಕರು ನಮ್ಮಲ್ಲೂ ಇದ್ದಾರೆ. ಅವರಿಗೆ ನಮ್ಮ ಭಾಷೆಯ ಒಂದು ಕ್ರಿಯಾಪದವನ್ನು ನೆನಪಿಸುತ್ತೇನೆ. ಮಗು ಸ್ಲೇಟಿನ ಮೇಲೆ ಅಮ್ಮ ಬರೆದುಕೊಟ್ಟ ‘ಅ’ ಅಕ್ಷರದ ಮೇಲೆ ಬಳಪ ಆಡಿಸುತ್ತದೆ. ಅದಕ್ಕೆ ನಾವು ‘ತಿದ್ದುವುದು’ ಎನ್ನುತ್ತೇವೆ. ತಪ್ಪನ್ನು ಸರಿಪಡಿಸುವುದಕ್ಕೂ ‘ತಿದ್ದುವುದು’ ಎಂದೇ ಹೇಳುತ್ತೇವೆ. ಇದ್ದ ಗೆರೆಯನ್ನು ಅನುಸರಿಸುವುದಕ್ಕೂ ಇದ್ದ ಗೆರೆಯನ್ನು ಬದಲಿಸುವುದಕ್ಕೂ ಕನ್ನಡ ಒಂದೇ ಮಾತು ಇಟ್ಟುಕೊಂಡಿದೆ. ಅಭಿಮಾನಿ ಕಲಾವಿದ ಮೊದಲನೆಯದರಿಂದ ಎರಡನೆಯದಕ್ಕೆ ನಡೆಯುತ್ತಾನೆ. ಸಾವಿರ ಸಲ ಅದೇ ವೇಷವನ್ನು ತಿದ್ದಿ ತಿದ್ದಿ, ಒಂದು ದಿನ ಇಲ್ಲಿ ಕೊರಳಪಟ್ಟಿ ಹೀಗಿರಬೇಕಿತ್ತು ಎಂದು ಅವನಿಗೆ ಹೊಳೆಯುತ್ತದೆ. ನಾನೂ ಚಿಕ್ಕಂದಿನಲ್ಲಿ ಕನ್ನಡದ ಇಂದ್ರಜಾಲ ಕಾಮಿಕ್ಸ್ ಮೇಲೆ ಕಾರ್ಬನ್ ಹಾಳೆ ಇಟ್ಟು ಫ್ಯಾಂಟಮ್‌ನನ್ನು ತಿದ್ದಿದವನು. ನಾನು ಮೊದಲನೆಯ ಅರ್ಥದಲ್ಲೇ ಉಳಿದೆ. ಕಾಕ್ರಮ್ ಎರಡನೆಯದಕ್ಕೆ ದಾಟಿದರು.

ದಾಟಿದ ಬಗೆ ಹೀಗೆ. ಆರು ವರ್ಷಗಳ ನೌಕಾಸೇವೆ ಮುಗಿಸಿ ನ್ಯೂಯಾರ್ಕಿನತ್ತ ಬಂದರು. ವಾರೆನ್ ಸಂಸ್ಥೆಯ ಭೂತಪ್ರೇತದ ಕಪ್ಪು ಬಿಳುಪು ಪತ್ರಿಕೆಗಳಲ್ಲಿ ಮೊದಲ ಸಂಬಳದ ಕೆಲಸ. ಆಮೇಲೆ ಡಿಸಿಯ ಹಿರಿಯ ಕಲಾವಿದ ಮರ್ಫಿ ಆಂಡರ್ಸನ್ ಅವರಿಗೆ ಸಹಾಯಕ, ಬೇರೆಯವರ ಪೆನ್ಸಿಲ್ ಚಿತ್ರದ ಹಿನ್ನೆಲೆಗೆ ಶಾಯಿ ಹಾಕುವ ಕೆಲಸ. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲು ಕೋಡಂಗಿ ವೇಷವೇ ಸಿಗುವುದು. 1972ರಲ್ಲಿ ಒಂದು ಅವಕಾಶ ಬಂತು. ‘ಲೀಜನ್ ಆಫ್ ಸೂಪರ್‌ಹೀರೋಸ್’ ಎಂಬ ತಂಡದ ಕಥೆ, ಸ್ವಂತ ಪತ್ರಿಕೆಯಿಲ್ಲದೆ ‘ಸೂಪರ್‌ಬಾಯ್’ ಪತ್ರಿಕೆಯ ಹಿಂದಿನ ಪುಟಗಳಲ್ಲಿ ಆಗಾಗ ಬರುತ್ತಿತ್ತು. ಡಜನುಗಟ್ಟಲೆ ಪಾತ್ರಗಳನ್ನು ಸಣ್ಣ ಚೌಕಗಳಲ್ಲಿ ತುರುಕಬೇಕು. ಕಾಕ್ರಮ್ ಅದನ್ನು 184ನೇ ಸಂಚಿಕೆಯಿಂದ ಬರೆಯತೊಡಗಿದರು.

ಲೀಜನ್‌ಗೆ ಮೊದಲಿನಿಂದಲೂ ಓದುಗರ ಜೊತೆ ಒಂದು ಸಲಿಗೆ ಇತ್ತು. ಹೊಸ ಸದಸ್ಯ ಹೇಗಿರಬೇಕೆಂದು ಓದುಗರೇ ಬರೆದು ಕಳುಹಿಸುವ ಅಂಕಣವಿತ್ತು. ಪಿಟ್ಸ್‌ಬರ್ಗ್‌ನ ಜಿಮ್ ಶೂಟರ್ ಎಂಬ ಹುಡುಗ ಹದಿಮೂರನೆಯ ವಯಸ್ಸಿಗೆ ಕಥೆ ಬರೆದು, ಪುಟಗಳ ನಕ್ಷೆಯನ್ನೂ ಹಾಕಿ ಕಳಿಸಿದ್ದ. 1966ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಅವನ ಕಥೆ ಅಚ್ಚಾಯಿತು. ಅಂಥ ಮನೆಗೆ ಕಾಕ್ರಮ್ ಬಂದದ್ದು ಅತಿಥಿಯಾಗಲ್ಲ, ಮನೆಯ ಮೂಲೆ ಮೂಲೆ ಬಲ್ಲ ನೆಂಟನಾಗಿ.

ಅವರು ಮಾಡಿದ ದೊಡ್ಡ ಕೆಲಸ ವೇಷದ್ದು. ಯಕ್ಷಗಾನ ನೋಡಿದವರಿಗೆ ನಾನಿದನ್ನು ಬಿಡಿಸಿ ಹೇಳಬೇಕಿಲ್ಲ. ಪಾತ್ರ ಬಾಯಿ ತೆರೆಯುವ ಮೊದಲೇ ಕಿರೀಟದ ಆಕಾರ, ಮುಖವರ್ಣಿಕೆ, ಉಡುಗೆಯ ಬಣ್ಣ ಹೇಳಿಬಿಡುತ್ತವೆ: ಇವನು ಇಂಥವನು. ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ, ಒರಟು ಬಣ್ಣದ ಚುಕ್ಕೆಗಳಲ್ಲಿ, ಹೆಬ್ಬೆರಳ ಉಗುರಿನಷ್ಟು ಚಿತ್ರದಲ್ಲೂ ಇಪ್ಪತ್ತು ಜನರಲ್ಲಿ ಒಬ್ಬರನ್ನು ಗುರುತಿಸುವಂತೆ ಮಾಡಬೇಕಾದ ಕಾಮಿಕ್ಸ್ ಕಲಾವಿದನದೂ ಇದೇ ಸಮಸ್ಯೆ. ಅಲ್ಲಿಯವರೆಗೆ ಲೀಜನ್‌ನವರು ಹಳೆಯ ಕಾಲದ ಸರ್ಕಸ್ ಬನಿಯನ್ ತೊಟ್ಟವರಂತಿದ್ದರು. ಕಾಕ್ರಮ್ ಒಬ್ಬೊಬ್ಬರನ್ನೇ ಹಿಡಿದು ತಿದ್ದಿದರು. ಎತ್ತರದ ಕೊರಳಪಟ್ಟಿ, ಅಗಲ ಬಾಯಿಯ ಬೂಟು, ದೇಹದ ಚಲನೆಯನ್ನು ಎತ್ತಿ ತೋರಿಸುವ ಬಣ್ಣದ ಪಟ್ಟಿಗಳು. ಓದುಗರು ಮುಗಿಬಿದ್ದರು. 1973ರಲ್ಲಿ, 197ನೇ ಸಂಚಿಕೆಯ ಹೊತ್ತಿಗೆ, ಹಿಂದಿನ ಪುಟಗಳಲ್ಲಿದ್ದ ತಂಡದ ಹೆಸರು ಮುಖಪುಟಕ್ಕೇ ಬಂತು. ಮೂರು ಸಂಚಿಕೆ ಕಳೆದು ಆ ಮದುವೆ.

ಈಗ ಮೂಲಚಿತ್ರದ ಮಾತು. ಕಾಮಿಕ್ಸ್ ಪುಟವನ್ನು ಅಚ್ಚಿಗಿಂತ ದೊಡ್ಡ ಗಾತ್ರದಲ್ಲಿ, ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಶಾಯಿ ಹಾಕುತ್ತಾರೆ. ಅದರ ಫೋಟೊ ತೆಗೆದು ಅಚ್ಚು ಮಾಡಿದ ಮೇಲೆ ಹಾಳೆಯಿಂದ ಕಂಪನಿಗೆ ಆಗಬೇಕಾದ್ದು ಕಡಿಮೆ. ಆದರೂ ಅದು ಕಂಪನಿಯದೇ ಸ್ವತ್ತು ಎಂಬುದು ಅಂದಿನ ರೂಢಿ. ಉಗ್ರಾಣಕ್ಕೆ ಬಿದ್ದವೆಷ್ಟೋ, ಕತ್ತರಿಸಿ ಬಿಸಾಡಿದವೆಷ್ಟೋ. ಇನ್ನೊಂದು ಪದ್ಧತಿಯೂ ಇತ್ತು: ಸಂಭಾವನೆಯ ಚೆಕ್ಕಿನ ಹಿಂಬದಿಯಲ್ಲೇ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂಬ ಒಕ್ಕಣೆ. ಸಹಿ ಹಾಕದೆ ಚೆಕ್ಕು ನಗದಾಗದು, ಸಹಿ ಹಾಕಿದರೆ ಪಾತ್ರ ತನ್ನದಲ್ಲ.

ಕಸುಬಿನವನಾಗಿ ಬಂದವನಿಗೆ ಇದು ಇದ್ದದ್ದೇ ಎಂದು ಸಹಿಸುವುದು ಸಾಧ್ಯವಿತ್ತೇನೋ. ಅಭಿಮಾನಿಯಾಗಿ ಬಂದವರಿಗೆ ಹೇಗೆ ಸಾಧ್ಯ? ಅಭಿಮಾನಿಗಳಿಗೆ ಹಾಳೆಯ ಬೆಲೆ ಗೊತ್ತು. ಕಂಪನಿ ಕಸ ಎಂದುಕೊಂಡದ್ದನ್ನು ಗೋಡೆಗೆ ತೂಗುಹಾಕಬೇಕೆಂದು ಆಸೆಪಟ್ಟವರು ಅವರು. ಕಾಕ್ರಮ್ ಕೇಳಿದ್ದು ಹಣವನ್ನಲ್ಲ. ತಾನು ಬರೆದ ಮದುವೆಯ ಚಿತ್ರ, ಮದುವೆಮನೆಯವರ ಫೋಟೊದಂತೆ, ತನ್ನ ಮನೆಯಲ್ಲಿರಲಿ ಎಂದು ಕೇಳಿದರು, ಅಷ್ಟೆ. ಇಷ್ಟು ವರ್ಷದ ಮೇಲೂ ಆ ನಿರಾಕರಣೆಯನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಹೊರಟವರು ಬರಿಗೈಯಲ್ಲಿ ಹೋಗಲಿಲ್ಲ. ಒಂದು ನೋಟ್‌ಬುಕ್ಕಿತ್ತು. ನೌಕಾಪಡೆಯಲ್ಲಿದ್ದಾಗ, ಗುವಾಮ್ ದ್ವೀಪದಲ್ಲಿ, ಚಂಡಮಾರುತ ಬೀಸಿ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ ಕಲ್ಪಿಸಿಕೊಂಡ ಒಂದು ಪಿಶಾಚಿಯಂಥ ಪಾತ್ರ ಅದರಲ್ಲಿತ್ತು. ಕಡುನೀಲಿ ಮೈ, ಬಾಲ, ಕೈಗೆ ಮೂರೇ ಬೆರಳು, ಕತ್ತಲಲ್ಲಿ ಹೊಳೆಯುವ ಹಳದಿ ಕಣ್ಣು. ಲೀಜನ್‌ಗೆ ಅವನನ್ನು ಸೇರಿಸೋಣವೆಂದು ತೋರಿಸಿದಾಗ, ರೂಪ ತೀರ ವಿಚಿತ್ರವಾಯಿತೆಂದು ಡಿಸಿಯ ಸಂಪಾದಕರು ಬೇಡವೆಂದಿದ್ದರು. ಕಪ್ಪು ಬೆಕ್ಕಿನ ವೇಷದ ಒಬ್ಬ ಹೆಣ್ಣೂ ಆ ಪುಸ್ತಕದಲ್ಲಿದ್ದಳು.

ಅವರು ಹೋದದ್ದು ಮಾರ್ವೆಲ್ ಕಂಪನಿಗೆ. ಅಲ್ಲಿ ಆಗ ಪ್ರಧಾನ ಸಂಪಾದಕರಾಗಿದ್ದವರು ರಾಯ್ ಥಾಮಸ್. ಹೌದು, ನೇರಳೆ ಶಾಯಿಯ ‘ಆಲ್ಟರ್ ಈಗೊ’ದ ಅದೇ ಥಾಮಸ್. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಆರಂಭಿಸಿದ್ದ ‘ಎಕ್ಸ್-ಮೆನ್’ ಪತ್ರಿಕೆ 1970ರಿಂದ ಹೊಸ ಕಥೆಯಿಲ್ಲದೆ ಹಳೆಯದನ್ನೇ ಮರುಮುದ್ರಿಸುತ್ತ ಕುಂಟುತ್ತಿತ್ತು. ಬೇರೆ ಬೇರೆ ದೇಶಗಳ ನಾಯಕರನ್ನು ಕೂಡಿಸಿದರೆ ಹೊರದೇಶದಲ್ಲೂ ಮಾರಬಹುದೆಂಬ ವ್ಯಾಪಾರದ ಲೆಕ್ಕಾಚಾರ ಮೇಲಿನಿಂದ ಬಂತು. ಕಥೆಗೆ ಲೆನ್ ವೀನ್ ಸಿಕ್ಕರು. ಅವರೂ ಚಿತ್ರ ಬರೆಯುವ ಕನಸು ಹೊತ್ತು ಬಂದ ಅಭಿಮಾನಿಯೇ. ಕಾಕ್ರಮ್ ನೋಟ್‌ಬುಕ್ ಬಿಚ್ಚಿದರು. ಪಿಶಾಚಿ ಜರ್ಮನಿಯ ಸರ್ಕಸ್ ಹುಡುಗ ನೈಟ್‌ಕ್ರಾಲರ್ ಆದ. ಬೆಕ್ಕಿನ ಹುಡುಗಿಯ ಕಿವಿ ಬಾಲ ಹೋಗಿ, ಇನ್ನೊಂದು ಪಾತ್ರಕ್ಕೆಂದು ಯೋಚಿಸಿದ್ದ ಗಾಳಿಮಳೆಯ ಶಕ್ತಿ ಬಂದು, ಬಿಳಿಕೂದಲ ಆಫ್ರಿಕನ್ ಹೆಣ್ಣು ಸ್ಟಾರ್ಮ್ ಹುಟ್ಟಿದಳು. ಸೈಬೀರಿಯಾದ ಹೊಲದಿಂದ ಉಕ್ಕಿನ ಮೈಯ ಕೊಲೋಸಸ್ ಬಂದ. 1975ರ ‘ಜಯಂಟ್ ಸೈಜ್ ಎಕ್ಸ್-ಮೆನ್’ ಮೊದಲ ಸಂಚಿಕೆಯಲ್ಲಿ ಇವರೆಲ್ಲ ಒಟ್ಟಿಗೆ ಕಾಣಿಸಿಕೊಂಡರು.

ಸ್ಟಾರ್ಮ್‌ಳ ಮೇಲುಹೊದಿಕೆಯನ್ನು ಒಮ್ಮೆ ಗಮನಿಸಿ ನೋಡಿ. ಅದು ಹೆಗಲಿನಿಂದ ಸುಮ್ಮನೆ ಇಳಿಬಿದ್ದಿಲ್ಲ, ಮಣಿಕಟ್ಟಿಗೂ ಸೇರಿಕೊಂಡಿದೆ. ಅವಳು ತೋಳೆತ್ತಿದರೆ ಹಾಯಿಯಂತೆ ಅರಳುತ್ತದೆ. ಗಾಳಿಯನ್ನು ಚಿತ್ರಿಸಲಾಗದು, ಗಾಳಿ ತುಂಬಿದ ಬಟ್ಟೆಯನ್ನು ಚಿತ್ರಿಸಬಹುದು. ನೈಟ್‌ಕ್ರಾಲರ್‌ನನ್ನು ನೆರಳಿನಲ್ಲಿ ನಿಲ್ಲಿಸಿದರೆ ಪುಟದ ಮೇಲೆ ಉಳಿಯುವುದು ಅಪ್ಪಟ ಕಪ್ಪು ಮತ್ತು ಎರಡು ಹಳದಿ ಬಿಂದು. ಮರುವರ್ಷ ತಂಡದ ಹಳೆಯ ಸದಸ್ಯೆ ಜೀನ್ ಗ್ರೇ ‘ಫೀನಿಕ್ಸ್’ ಆಗಿ ಮರುಹುಟ್ಟು ಪಡೆದಾಗ ಕಾಕ್ರಮ್ ಅವಳಿಗೆ ಬಿಳಿ ಉಡುಗೆ ಬಯಸಿದ್ದರು. ತೆಳು ಕಾಗದದಲ್ಲಿ ಬಿಳಿ ಜಾಗದ ಮೂಲಕ ಹಿಂದಿನ ಪುಟದ ಅಚ್ಚು ಕಾಣುತ್ತದೆಂದು ಹಸಿರಾಯಿತು. ಹಸಿರೇ ಈಗ ಜಗತ್ತಿಗೆ ಪರಿಚಿತ. ಇಂಥ ತೀರ್ಮಾನಗಳು ಓದುಗನ ಕಣ್ಣಿನಿಂದ ಬರುತ್ತವೆ. ಪುಟವನ್ನು ವರ್ಷಗಟ್ಟಲೆ ಎದುರಿನಿಂದ ನೋಡಿದವರು ಅದನ್ನು ಮೇಜಿನ ಈ ಕಡೆಯಿಂದ ಬರೆಯಲು ಕೂತಾಗ ಹೀಗಾಗುತ್ತದೆ.

ಕ್ರಿಸ್ ಕ್ಲೇರ್‌ಮಾಂಟ್ ಅವರ ಬರವಣಿಗೆಯ ಜೊತೆ ಕಾಕ್ರಮ್ 107ನೇ ಸಂಚಿಕೆಯವರೆಗೆ ಬರೆದರು. ಆಮೇಲೆ ಬಂದ ಜಾನ್ ಬರ್ನ್ ಕೂಡ ಫ್ಯಾನ್‌ಜೀನ್ ಪುಟಗಳಲ್ಲಿ ಕೈ ಪಳಗಿಸಿಕೊಂಡವರು. ಅಭಿಮಾನಿಗಳ ಈ ಹುರುಪು ಅಮೆರಿಕಕ್ಕಷ್ಟೇ ಸೀಮಿತವಾಗಿರಲಿಲ್ಲ. ಹೊಸ ಎಕ್ಸ್-ಮೆನ್ ಬಂದ ಅದೇ 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ 32 ಅಭಿಮಾನಿ ತಂಡಗಳು ಸೇರಿ ‘ಕೊಮಿಕೆಟ್’ ಎಂಬ ಸಂತೆ ನಡೆಸಿದವು. ಬಂದವರು ಸುಮಾರು 700. ಜಪಾನಿನ ಆ ಅಭಿಮಾನಿ ಲೋಕದಿಂದ ಹೊರಟ ‘ಕ್ಲ್ಯಾಂಪ್’ ಎಂಬ ಹೆಣ್ಣುಮಕ್ಕಳ ಗುಂಪು 1989ರಲ್ಲಿ ಆರಂಭಿಸಿದ ಮೊದಲ ದೊಡ್ಡ ಕೃತಿಗೆ ಋಗ್ವೇದದ ಹೆಸರನ್ನೇ ಇಟ್ಟಿತು ಎಂದರೆ ನಮ್ಮವರಿಗೆ ಖುಷಿಯಾದೀತು. ನಮ್ಮ ಫ್ಯಾಂಟಮ್ ಮೆಚ್ಚಿನವರಿಗೂ ಒಂದು ಹೆಸರು: ಅರಿಜೋನಾದಲ್ಲಿ ಚಿತ್ರಕಲಾ ಮೇಷ್ಟರಾಗಿದ್ದ ಡಾನ್ ನ್ಯೂಟನ್ ವರ್ಷಗಳ ಕಾಲ ಫ್ಯಾನ್‌ಜೀನ್‌ಗೆ ಬರೆದು, 1975ರ ಹೊತ್ತಿಗೆ ಚಾರ್ಲ್‌ಟನ್ ಕಂಪನಿಯ ‘ಫ್ಯಾಂಟಮ್’ ಪತ್ರಿಕೆಯ ಕಲಾವಿದರಾದರು. ನಲವತ್ತು ದಾಟಿದ ಮೇಲೆ. ಇಲ್ಲಿರುವ ಡ್ರಾಯಿಂಗ್ ಮೇಷ್ಟರುಗಳು ಅದನ್ನು ಕೇಳಿಸಿಕೊಳ್ಳಲಿ.

ಕಾಕ್ರಮ್ ಅವರ ಕಡೆಗೆ ಮರಳುತ್ತೇನೆ. ಮಾರ್ವೆಲ್‌ನಲ್ಲಿ ಮುಖಪುಟಗಳ ಕೆಲಸಕ್ಕಿದ್ದ ಅವರು 1979ರಲ್ಲಿ ನೊಂದು ರಾಜೀನಾಮೆ ಕೊಟ್ಟರು. ಇದು ಮೊದಲಿನ ಹಾಗೆ ಒಂದು ಕುಟುಂಬವಾಗಿ ಉಳಿದಿಲ್ಲ ಎಂಬುದು ಅವರ ಅಳಲು. ಆ ವರ್ಷದ ‘ಐರನ್ ಮ್ಯಾನ್’ 127ನೇ ಸಂಚಿಕೆಯಲ್ಲಿ, ಕಥೆಯೊಳಗಿನ ಬಟ್ಲರ್ ಜಾರ್ವಿಸ್ ಕೊಡುವ ರಾಜೀನಾಮೆ ಪತ್ರದಲ್ಲಿ ಕಾಕ್ರಮ್ ಅವರ ಪತ್ರದ ಒಕ್ಕಣೆಯೇ ಅಚ್ಚಾಯಿತು. ಎಳೆಯ ವಯಸ್ಸಿನಲ್ಲಿ ಕಾಮಿಕ್ಸ್ ಪುಟದಲ್ಲಿ ತನ್ನ ಪತ್ರ ಕಂಡು ಹಿಗ್ಗಿದವರು, ನೋವಿನ ಪತ್ರವನ್ನೂ ಅದೇ ಅಗ್ಗದ ಕಾಗದದ ಮೇಲೆ ನೋಡಬೇಕಾಯಿತು.

ಆದರೂ ಮರಳಿದರು. 1981ರಿಂದ 1982ರವರೆಗೆ ಮತ್ತೆ ಎಕ್ಸ್-ಮೆನ್. ತಮ್ಮದೇ ಒಡೆತನದ ‘ಫ್ಯೂಚೂರಿಯನ್ಸ್’ 1983ರಲ್ಲಿ ಬಂತು. ಮುಂದೆ ಅದನ್ನು ಪತ್ರಿಕೆಯಾಗಿ ತಂದ ಸಣ್ಣ ಪ್ರಕಾಶಕರು ಮೂರು ಸಂಚಿಕೆಗೆ ನಿಂತರು. 1980ರ ದಶಕದಲ್ಲೇ ಡಿಸಿಗೆ ‘ಬ್ಲ್ಯಾಕ್‌ಹಾಕ್’ ಮುಖಪುಟಗಳನ್ನೂ ಬರೆದರು, ಹುಡುಗನಾಗಿದ್ದಾಗ ತಿದ್ದಿದ ಅದೇ ವಿಮಾನದ ತಂಡ. ಆ ಮುಖಪುಟಗಳನ್ನು ನೋಡುವಾಗ ನನಗೆ ಕಾಣುವುದು ಯಾವ ಹಗೆಯೂ ಇಲ್ಲದ ಕೈ.

ಎಕ್ಸ್-ಮೆನ್ ಮಾತ್ರ ಅವರಿಲ್ಲದೆ ಬೆಳೆಯುತ್ತ ಹೋಯಿತು. 1991ರಲ್ಲಿ ಹೊಸದಾಗಿ ಆರಂಭವಾದ ಪತ್ರಿಕೆಯ ಮೊದಲ ಸಂಚಿಕೆ 80 ಲಕ್ಷಕ್ಕೂ ಮಿಕ್ಕಿ ಪ್ರತಿ ಕಂಡಿತು. 2000ದಲ್ಲಿ ಸಿನಿಮಾ; 2003ರ ಎರಡನೆಯ ಸಿನಿಮಾ ತೆರೆಯುವುದೇ ಶ್ವೇತಭವನಕ್ಕೆ ನುಗ್ಗುವ ನೈಟ್‌ಕ್ರಾಲರ್‌ನಿಂದ. ಗುವಾಮ್‌ನ ಮಳೆಯಲ್ಲಿ ಹುಟ್ಟಿದ ಹುಡುಗ. ಅದರ ಮರುವರ್ಷ ಕಾಕ್ರಮ್ ಸಕ್ಕರೆ ಕಾಯಿಲೆ, ನ್ಯುಮೋನಿಯಾಗಳಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದರು.

ನಾವಿಲ್ಲಿ ಸೇರಿರುವುದು ಒಂದು ದತ್ತಿಯ ಹೆಸರಿನಲ್ಲಿ. ದತ್ತಿ ಎಂದರೇನು? ಮೂಲಧನ ಮುಟ್ಟದೆ, ಅದರ ಬಡ್ಡಿಯಿಂದ ವರ್ಷ ವರ್ಷವೂ ಒಂದು ಒಳ್ಳೆಯ ಕೆಲಸ ನಡೆಸುವುದು. ಇಟ್ಟವರ ಹೆಸರನ್ನು ಪ್ರತಿವರ್ಷ ಹೇಳುವುದು. ಕಾಮಿಕ್ಸ್ ಉದ್ಯಮಕ್ಕೆ ಅಭಿಮಾನಿಗಳು ತಂದುಕೊಟ್ಟ ಪ್ರೀತಿಯೂ ಒಂದು ಮೂಲಧನವೇ. ಆಸ್ಪತ್ರೆಯ ಮಂಚದಲ್ಲಿದ್ದ ಆ ಮನುಷ್ಯನನ್ನು ನೋಡಿದರೆ, ಕಂಪನಿಗಳು ಬಡ್ಡಿಯನ್ನಷ್ಟೇ ತೆಗೆದುಕೊಂಡಿವೆ ಎಂದು ನನಗನ್ನಿಸುವುದಿಲ್ಲ.

ನೆರವಿಗೆ ಬಂದದ್ದು ಹಳೆಯ ಬಳಗ. ಲೇಖಕ ಕ್ಲಿಫರ್ಡ್ ಮೆತ್ ಕಲಾವಿದರಿಂದ ಚಿತ್ರಗಳನ್ನು ಕೂಡಿಸಿ ಗೌರವ ಗ್ರಂಥವೊಂದನ್ನು ತಂದರು. ಹಿರಿಯ ಕಲಾವಿದ ನೀಲ್ ಆಡಮ್ಸ್, ಕಾಕ್ರಮ್ ಪರವಾಗಿ ಮಾರ್ವೆಲ್ ಜೊತೆ ಮಾತಾಡಿದರು. ಅಂಚೆಯಲ್ಲಿ ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಶಾಯಿ ಹಾಕಿ ಕಳಿಸುತ್ತಿದ್ದ ಅದೇ ಗುಣ, ನಲವತ್ತು ವರ್ಷದ ಮೇಲೆ. ಕಂಪನಿ ಒಂದು ಒಪ್ಪಂದಕ್ಕೆ ಬಂದು ಹಣಕಾಸಿನ ನೆರವು ಕೊಟ್ಟಿತು. ಕಾಕ್ರಮ್ ಮನೆಗೆ ಮರಳಿದರು, ಪತ್ನಿ ಪ್ಯಾಟಿ ಅವರ ಜೊತೆ ದಕ್ಷಿಣ ಕೆರೊಲಿನಾದ ಬೆಲ್ಟನ್‌ನಲ್ಲಿ ಉಳಿದರು.

2006ರ ನವೆಂಬರ್ 26ರ ಬೆಳಗ್ಗೆ ಅವರು ಮನೆಯಲ್ಲೇ ತೀರಿಕೊಂಡರು. ಆ ಹೊತ್ತಿನ ವಿವರವನ್ನು ಗೆಳೆಯ ಮೆತ್ ಜಗತ್ತಿಗೆ ತಿಳಿಸಿದ್ದಾರೆ. ಕಾಕ್ರಮ್ ಸೂಪರ್‌ಮ್ಯಾನ್ ಪೈಜಾಮ ತೊಟ್ಟಿದ್ದರು, ಮೈಮೇಲೆ ಬ್ಯಾಟ್‌ಮ್ಯಾನ್ ಕಂಬಳಿ ಹೊದ್ದಿದ್ದರು. ದಹನಕ್ಕೆ ಒಯ್ಯುವಾಗ ಗ್ರೀನ್ ಲ್ಯಾಂಟರ್ನ್ ಅಂಗಿ ತೊಡಿಸಿದ್ದರು. ಮೂರೂ ಡಿಸಿಯ ಪಾತ್ರಗಳು, ಮದುವೆಯ ಚಿತ್ರ ಕೊಡದ ಅದೇ ಮನೆಯವು. ಅವುಗಳಲ್ಲಿ ಒಂದನ್ನೂ ಅವರು ಸೃಷ್ಟಿಸಿದ್ದಲ್ಲ. ಅವರು ಹುಡುಗನಾಗಿದ್ದಾಗ ಓದಿದ್ದವು.